ಮೆಡಿಕಲ್‌ನಲ್ಲಿ ‘ಎರಡು ಡೋಸ್ ಕೊಡು’ ಅನ್ನೋ ಮುಂಚೆ

ಇವತ್ತಿನ ಮಾತು ಮೆಡಿಕಲ್ ಶಾಪ್‌ನಲ್ಲೇ ಔಷಧ ಕೇಳಿ ತಗೊಳ್ಳೋದರ ಬಗ್ಗೆ.

ನಾನು ಸಾಸ್ವೆಹಳ್ಳಿ ಕಡೆಯವನು. ನಾಟಿ, ಅಡಿಕೆ ಕೊಯ್ಲು ಶುರುವಾದ್ರೆ ಒಂದು ದಿನದ ಕೂಲಿ ಬಿಟ್ಟು ಹೊನ್ನಾಳಿಗೆ ಹೋಗಿಬರೋದು ಕಷ್ಟ. ಸಂಜೆ ಮೆಡಿಕಲ್‌ಗೆ ಹೋಗಿ ‘ಅಣ್ಣಾ, ಮೈಕೈ ನೋವು, ಎರಡು ಡೋಸ್ ಕೊಡು’ ಅಂತಾರೆ. ಅದು ತಪ್ಪು ಅಂತ ನಾನು ಹೇಳಲ್ಲ. ಆ ಡೋಸ್‌ನಲ್ಲಿ ಏನಿದೆ ಅಂತ ಗೊತ್ತಿರಬೇಕು, ಅಷ್ಟೆ.

1945ರ ಔಷಧ ನಿಯಮಗಳ ಪ್ರಕಾರ ಶೆಡ್ಯೂಲ್ ಎಚ್, ಎಚ್1, ಎಕ್ಸ್ ಪಟ್ಟಿಯಲ್ಲಿರೋ ಔಷಧಗಳಿಗೆ ಡಾಕ್ಟರ್ ಚೀಟಿ ಬೇಕೇ ಬೇಕು. ಎಚ್1 ಪಟ್ಟಿ ಜಾರಿಗೆ ಬಂದದ್ದು 2014ರ ಮಾರ್ಚ್‌ನಲ್ಲಿ. ಕೆಲವು ಪ್ರಬಲ ಆಂಟಿಬಯೋಟಿಕ್‌ಗಳು ಅದರಲ್ಲಿವೆ. ಅವನ್ನು ಮಾರಿದಾಗ ಡಾಕ್ಟರ್, ರೋಗಿ, ಔಷಧದ ವಿವರ ಬರೆದ ರಿಜಿಸ್ಟರನ್ನು ಅಂಗಡಿಯವರು 3 ವರ್ಷ ಇಟ್ಟುಕೊಳ್ಳಬೇಕು. ಇಂಗ್ಲೆಂಡಿನಲ್ಲಿ 2024ರ ಜನವರಿಯಿಂದ ಗಂಟಲು ನೋವು, ಕಿವಿ ನೋವು ಸೇರಿ 7 ತೊಂದರೆಗಳಿಗೆ ಫಾರ್ಮಸಿಸ್ಟೇ ಪರೀಕ್ಷೆ ಮಾಡಿ, ಅಗತ್ಯವಿದ್ರೆ ಆಂಟಿಬಯೋಟಿಕ್ ಕೂಡ ಕೊಡಬಹುದು. ನಮ್ಮಲ್ಲಿ ಆ ಅಧಿಕಾರ ಇಲ್ಲ.

ಹಾಗಾದ್ರೆ ಏನು ಕೇಳಬಹುದು? ಜ್ವರಕ್ಕೆ ಪ್ಯಾರಾಸಿಟಮಾಲ್, ಭೇದಿಗೆ ಓಆರ್‌ಎಸ್, ನೋವಿಗೆ ಹಚ್ಚೋ ಬಾಮ್, ಎದೆಯುರಿಗೆ ಆಂಟಾಸಿಡ್. ದೊಡ್ಡವರಿಗೆ ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ, ಅಂದ್ರೆ 500ರ 8 ಮಾತ್ರೆ ಮೀರಬಾರದು. ಕುಡಿಯೋ ಅಭ್ಯಾಸ, ಲಿವರ್ ತೊಂದರೆ ಇದ್ರೆ ಅಷ್ಟೂ ಬೇಡ.

ಭಯ ಇರೋದು ಕಾಗದದಲ್ಲಿ ಕಟ್ಟಿಕೊಡೋ ಬಿಡಿ ಮಾತ್ರೆಗಳದ್ದು. ಹೆಸರಿಲ್ಲ, ತಾರೀಖಿಲ್ಲ. ಅದರಲ್ಲಿ ಡೈಕ್ಲೋಫೆನಾಕ್ ಇದ್ರೆ ನೋವು ಇಳಿಯುತ್ತೆ, ಆದರೆ ದಿನಾ ನುಂಗಿದ್ರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೂ ಪೆಟ್ಟು. ಡೆಕ್ಸಾಮೆಥಸೋನ್‌ನಂಥ ಸ್ಟೆರಾಯ್ಡ್ ಇದ್ರೆ ಬೇಗ ಹುಷಾರಾದಂಗೆ ಅನ್ಸುತ್ತೆ, ಆದರೆ ಶುಗರ್ ಏರುತ್ತೆ, ಒಳಗಿನ ಸೋಂಕು ಮರೆಯಾಗುತ್ತೆ. ಆಮೇಲೆ ಡಾಕ್ಟರ್ ‘ಏನು ತಗೊಂಡಿದ್ರಿ?’ ಅಂದ್ರೆ ‘ಬಿಳಿ ಮಾತ್ರೆ’ ಅನ್ನೋದು ಬಿಟ್ಟು ಬೇರೆ ಉತ್ತರ ಇರಲ್ಲ.

ಅದಕ್ಕೆ ಸ್ಟ್ರಿಪ್ ಸಮೇತ ಕತ್ತರಿಸಿ ಕೊಡಿ ಅನ್ನಿ. ಹೆಸರು ಬರೆಸ್ಕೊಳ್ಳಿ. ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ರೆ ಅದು ಚೀಟಿ ಇಲ್ಲದೆ ತಗೊಳ್ಳೋ ಔಷಧ ಅಲ್ಲ. ಬಿಪಿ, ಶುಗರ್ ಮಾತ್ರೆ ತಗೊಳ್ತಿದ್ರೆ, ಬಸುರಿಯಾಗಿದ್ರೆ ಕೇಳೋ ಮುಂಚೆ ನೀವೇ ಹೇಳಿ.

ಜ್ವರ 3 ದಿನಕ್ಕೂ ಬಿಡದಿದ್ರೆ, ಭೇದಿಯಲ್ಲಿ ರಕ್ತ ಕಂಡ್ರೆ, ಕೂಸಿಗೆ ಜ್ವರ ಬಂದ್ರೆ ಆಸ್ಪತ್ರೆಗೇ ಹೋಗಿ. ಎದೆನೋವಾದ್ರೆ, ಉಸಿರು ಕಟ್ಟಿದ್ರೆ ತಕ್ಷಣ 108ಕ್ಕೆ ಫೋನ್ ಮಾಡಿ.

ಮನೇಲಿ ಕೂಲಿಗೆ ಹೋಗೋರಿದ್ರೆ ಇದನ್ನ ಅವರಿಗೂ ಕೇಳಿಸಿ.