ಕಾಲುವೆ ಸೀಮೆ, ಮಳೆ ಸೀಮೆ: ಜನಗಣತಿಯಲ್ಲಿ ಕೊಪ್ಪಳ

ಜಿಲ್ಲಾ ಕೇಂದ್ರವೇ ಜಿಲ್ಲೆಯ ದೊಡ್ಡ ಊರು ಎಂಬ ರೂಢಿ ಕೊಪ್ಪಳದಲ್ಲಿ ನಡೆಯುವುದಿಲ್ಲ. 2011ರ ಜನಗಣತಿಯಲ್ಲಿ ಗಂಗಾವತಿ ನಗರದ ಜನಸಂಖ್ಯೆ 1.14 ಲಕ್ಷ, ಕೊಪ್ಪಳದ್ದು 70 ಸಾವಿರದ ಆಸುಪಾಸು. ಕುಷ್ಟಗಿ, ಯಲಬುರ್ಗಾ ಪಟ್ಟಣಗಳು ಇವೆರಡರ ಹತ್ತಿರಕ್ಕೂ ಬರುವುದಿಲ್ಲ.

ಇದೆಲ್ಲ ತುಂಗಭದ್ರೆಯ ಎಡದಂಡೆ ಕಾಲುವೆಯ ಮಹಿಮೆ. 1953ರ ನಂತರ ಗಂಗಾವತಿ, ಕಾರಟಗಿ ಸೀಮೆ ಭತ್ತದ ಕಣಜವಾಯಿತು. ಆಂಧ್ರದ ರೈತರು ಬಂದು ‘ಕ್ಯಾಂಪ್’ ಎಂಬ ಹೊಸ ಊರುಗಳನ್ನು ಕಟ್ಟಿದರು, ರೈಸ್‌ಮಿಲ್‌ಗಳು ತಲೆಯೆತ್ತಿದವು. ಕೊಪ್ಪಳಕ್ಕೆ 1997ರಲ್ಲಿ ಜಿಲ್ಲೆಯ ಪಟ್ಟ ಬಂತು, ಗಿಣಿಗೇರಿ ಕಡೆ ಕಾರ್ಖಾನೆಗಳು ಬಂದವು. ಯಲಬುರ್ಗಾ, ಕುಷ್ಟಗಿಗೆ ಮಾತ್ರ ಮಳೆಯೇ ಗತಿ: ಸಜ್ಜೆ, ಶೇಂಗಾ, ಹೆಸರು, ಕಡಲೆ. ದಾಳಿಂಬೆ ಕೈಹಿಡಿದೀತು ಎಂದುಕೊಂಡವರ ತೋಟಗಳಿಗೆ ದುಂಡಾಣು ಅಂಗಮಾರಿ ಬಡಿಯಿತು. ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ಸಮಿತಿ ವರದಿ ಈ ಎರಡನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತು.

ಆದರೆ ತಾಲ್ಲೂಕಿನ ಸರಾಸರಿಯನ್ನೂ ಪೂರ್ತಿ ನಂಬುವಂತಿಲ್ಲ. 2011ರಲ್ಲಿ ಕಾರಟಗಿಯ ಗದ್ದೆಯೂ ಕನಕಗಿರಿಯ ಒಣ ಹೊಲವೂ ‘ಗಂಗಾವತಿ’ ಎಂಬ ಒಂದೇ ಲೆಕ್ಕದಲ್ಲಿದ್ದವು. ಅವು ಬೇರೆ ತಾಲ್ಲೂಕುಗಳಾದದ್ದು ಆಮೇಲೆ. ಯಲಬುರ್ಗಾದಿಂದ ಕುಕನೂರು ಒಡೆದದ್ದೂ ಹಾಗೆಯೇ. ಜಿಲ್ಲೆಯ ಸಾಕ್ಷರತೆ ಶೇ 68 ಎಂಬ ಅಂಕಿಯ ಒಳಗೂ ಗಂಡಸರ ಶೇ 78.5, ಹೆಂಗಸರ ಶೇ 57.5 ಅಡಗಿವೆ. ನನ್ನ ಮಟ್ಟಿಗೆ ತಾಲ್ಲೂಕುಗಳ ನಡುವಿನ ಅಂತರಕ್ಕಿಂತ ಈ ಅಂತರವೇ ಹೆಚ್ಚು ನೋಯಿಸುವಂಥದ್ದು.

ಇನ್ನು ಗುಳೆ. ಹಿಂಗಾರಿ ಕೈಕೊಟ್ಟ ವರ್ಷ ಮಳೆ ಸೀಮೆಯ ಹಳ್ಳಿಗಳಲ್ಲಿ ಸಂಜೆ ಬಸ್ಸಿಗೆ ಗಂಟುಮೂಟೆ ಏರುತ್ತವೆ: ಜೋಳದ ಹಿಟ್ಟಿನ ಚೀಲ, ಪಾತ್ರೆ, ಹಾಸಿಗೆ, ಕಂಕುಳಲ್ಲಿ ಕೂಸು. ಬೆಂಗಳೂರು, ಮಂಗಳೂರು, ಗೋವಾದ ಕಟ್ಟಡ ಕೆಲಸಕ್ಕೆ ದುಡಿಯುವವರೆಲ್ಲ ಹೊರಟರೆ ಮನೆಯಲ್ಲಿ ಉಳಿಯುವುದು ಅಜ್ಜ, ಅಜ್ಜಿ, ಶಾಲೆಗೆ ಹೋಗುವ ಮೊಮ್ಮಕ್ಕಳು. 2011ರಲ್ಲಿ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ, ಅಂದರೆ ಗುಳೆಯ ದಿನಗಳಲ್ಲೇ. ಅಷ್ಟೂ ದಿನ ಊರಲ್ಲಿಲ್ಲದವರನ್ನು ದುಡಿಯುವ ಜಾಗದಲ್ಲೇ ಎಣಿಸುವುದು ನಿಯಮ. ಹೀಗಾಗಿ ಕುಷ್ಟಗಿಯ ಬಡತನದ ಒಂದು ಪಾಲು ಬೆಂಗಳೂರಿನ ಜನಸಂಖ್ಯೆಗೆ ಜಮೆಯಾಗುತ್ತದೆ.

ಮುಂದಿನ ಎಣಿಕೆಯೂ 2027ರ ಫೆಬ್ರುವರಿಗೇ ನಿಗದಿಯಾಗಿದೆ. ಗುಳೆ ಹೋದವರ ಪಟ್ಟಿಯನ್ನು ಗ್ರಾಮ ಪಂಚಾಯಿತಿಗಳು ಈಗಲೇ ಮಾಡಿಟ್ಟುಕೊಳ್ಳಲಿ. ಯಾರು, ಎಲ್ಲಿಗೆ, ಎಷ್ಟು ತಿಂಗಳಿಗೆ ಹೋದರು ಎಂಬುದೂ ಅದರಲ್ಲಿರಲಿ. ಅನುದಾನ ಹಂಚುವಾಗ ಜನಗಣತಿಯ ಅಂಕಿಯ ಪಕ್ಕದಲ್ಲಿ ಆ ಪಟ್ಟಿಯನ್ನೂ ಇಟ್ಟುಕೊಳ್ಳಬೇಕು.