ಅವೋಕಾದ ಅದಿರು ಮತ್ತು ಗಂಧಕಾಮ್ಲದ ಕುಲುಮೆ

ಐರ್ಲೆಂಡಿನ ವಿಕ್ಲೊ ಸೀಮೆಯ ಅವೋಕಾ ಕಣಿವೆಯಲ್ಲಿ ಹದಿನೆಂಟನೆಯ ಶತಮಾನದಿಂದಲೇ ತಾಮ್ರ ತೆಗೆಯುತ್ತಿದ್ದರು. ಜೊತೆಗೆ ಸಿಗುತ್ತಿದ್ದ ಪೈರೈಟ್, ಅಂದರೆ ಕಬ್ಬಿಣವೂ ಗಂಧಕವೂ ಕೂಡಿದ ಹೊಳೆಯುವ ಅದಿರು, ಹೆಚ್ಚಿನ ಬೆಲೆಯಿಲ್ಲದೆ ಬಿದ್ದಿತ್ತು. ಆಗ ಬ್ರಿಟನ್ನಿನ ಗಂಧಕಾಮ್ಲ ಬಹುಪಾಲು ಸಿಸಿಲಿಯ ಗಂಧಕವನ್ನೇ ನೆಚ್ಚಿಕೊಂಡಿತ್ತು. 1838ರಲ್ಲಿ ಸಿಸಿಲಿಯ ದೊರೆ ಎರಡನೇ ಫರ್ಡಿನಾಂಡ್ ಅದರ ವ್ಯಾಪಾರವನ್ನು ಫ್ರೆಂಚ್ ಕಂಪನಿಯೊಂದರ ಏಕಸ್ವಾಮ್ಯಕ್ಕೆ ಒಪ್ಪಿಸಿದ. ಟನ್ನಿಗೆ ಸುಮಾರು 5 ಪೌಂಡ್ ಇದ್ದ ಬೆಲೆ 14ರವರೆಗೆ ಏರಿತು. ಕಾರ್ಖಾನೆಗಳು ಅವೋಕಾದ ಪೈರೈಟಿಗೆ ಮುಗಿಬಿದ್ದವು. ಬ್ರಿಟನ್ ಯುದ್ಧನೌಕೆಗಳನ್ನು ಕಳಿಸಿ ಬೆದರಿಸಿದ ಮೇಲೆ, 1840ರಲ್ಲಿ ಏಕಸ್ವಾಮ್ಯ ರದ್ದಾಯಿತು. ಆದರೂ ಪೈರೈಟ್ ಹಿಂದೆ ಸರಿಯಲಿಲ್ಲ. ಈ ಉದ್ಯಮದ ದಾರಿಯನ್ನು ತಿದ್ದಿದ್ದು ಪ್ರಯೋಗಶಾಲೆಯ ಸೂತ್ರಕ್ಕಿಂತ ಹೆಚ್ಚಾಗಿ ಅದರ ಸಲಕರಣೆ ಎಂಬ ನನ್ನ ವಾದಕ್ಕೆ ಇದೇ ಆಧಾರ.

ಗಂಧಕ ತಾನಾಗಿ ಕರಗಿ ಉರಿಯುತ್ತದೆ, ಬೂದಿ ಅಷ್ಟಾಗಿ ಉಳಿಯದು. ಪೈರೈಟಿಗೆ ಬೇರೆಯದೇ ಕುಲುಮೆ ಬೇಕು: ಗಾಳಿಯ ಹದ, ಸುಟ್ಟ ಕಿಟ್ಟ ತೆಗೆಯುವ ವ್ಯವಸ್ಥೆ, ದೂಳು ಇಳಿಸುವ ಕೋಣೆ. ಇಷ್ಟಾದರೂ ಅದಿರಿನಲ್ಲಿದ್ದ ಆರ್ಸೆನಿಕ್ ಆಮ್ಲಕ್ಕೆ ಸೇರುತ್ತಿತ್ತು. ಇಷ್ಟು ಹಣ ಹೂಡಿ ಕಟ್ಟಿದ್ದನ್ನು ಎರಡೇ ವರ್ಷದಲ್ಲಿ ಯಾರು ಕೆಡವುತ್ತಾರೆ? ಬೇಡಿಕೆಯೇ ನಿಜವಾದ ಕಾರಣ ಎನ್ನಬಹುದು. 1842ರಲ್ಲಿ ಐರಿಷ್ ವೈದ್ಯ ಜೇಮ್ಸ್ ಮರ್‍ರೇ ಮತ್ತು ಇಂಗ್ಲೆಂಡಿನ ಜಾನ್ ಲಾಸ್ ಇಬ್ಬರೂ ಗಂಧಕಾಮ್ಲದಿಂದ ಸೂಪರ್‌ಫಾಸ್ಫೇಟ್ ಗೊಬ್ಬರ ಮಾಡುವ ಪೇಟೆಂಟ್ ಪಡೆದದ್ದು, ಆಮ್ಲಕ್ಕೆ ದೊಡ್ಡ ಮಾರುಕಟ್ಟೆ ತೆರೆದದ್ದು ನಿಜ. ಆದರೆ ಕುಲುಮೆಗಳು ಬದಲಾಗತೊಡಗಿದ್ದು ಅದಕ್ಕೂ ಮೊದಲು. ಮುಂದೆ ತಾಮ್ರವೂ ಇದ್ದ ಸ್ಪೇನಿನ ಪೈರೈಟ್ ಬಂದು ಅವೋಕಾವನ್ನು ಸೋಲಿಸಿದಾಗಲೂ ಸೋತದ್ದು ಗಣಿ, ಕುಲುಮೆಯಲ್ಲ. ಅವೋಕಾದ ಗಣಿ 1982ರಲ್ಲಿ ಮುಚ್ಚಿತು. ಅದರಿಂದ ಒಸರುವ ಲೋಹಭರಿತ ಆಮ್ಲೀಯ ನೀರು ಹೊಳೆಯನ್ನು ಕೆಡಿಸುವುದು ನಿಲ್ಲಲಿಲ್ಲ. ಅಗ್ಗದ ಆಮ್ಲದ ಲೆಕ್ಕದಲ್ಲಿ ಈ ಬಾಬ್ತು ಸೇರಲೇ ಇಲ್ಲ. ಅದು ಅನ್ಯಾಯ.

ಹೀಗೆ ಅಗ್ಗವಾದ ಆಮ್ಲವೇ 1870ರ ದಶಕದಲ್ಲಿ ಹರಳೆಣ್ಣೆಯೊಂದಿಗೆ ಬೆರೆತು ಬಣ್ಣಗಾರರ ಟರ್ಕಿ ಕೆಂಪೆಣ್ಣೆಯಾಯಿತು. ಎಣ್ಣೆಯ ಅಣುವಿಗೆ ಸಲ್ಫೇಟನ್ನು ಬೆಸೆಯುವ ಸಲ್ಫೇಷನ್ ಎಂದರೆ ಇದೇ. ಮಾರ್ಜಕಗಳಿಗೆ ಬೇಕಾದ ಸಲ್ಫೊನೇಷನ್ ಇದರ ಸೋದರ. ಅಲ್ಲಿ ಗಂಧಕಾಮ್ಲ ಬಳಸಿದರೆ ಹುಟ್ಟುವ ನೀರು ಆಮ್ಲವನ್ನೇ ತೆಳುವಾಗಿಸಿ ಕ್ರಿಯೆಯನ್ನು ತಡೆಯುತ್ತದೆ. ಹೆಚ್ಚುವರಿ ಆಮ್ಲ ಸುರಿಯಬೇಕು, ಕೊನೆಗೆ ಅದನ್ನು ವಿಲೇವಾರಿ ಮಾಡಬೇಕು. ಅದರ ಬದಲು ಈಗಿನ ಸ್ಥಾವರದಲ್ಲಿ ಗಂಧಕವನ್ನು ಅಲ್ಲೇ ಸುಟ್ಟು, ವನಾಡಿಯಂ ವೇಗವರ್ಧಕದ ಮೇಲೆ ಹಾಯಿಸಿ ಸಲ್ಫರ್ ಟ್ರೈಆಕ್ಸೈಡ್ ಮಾಡುತ್ತಾರೆ. ಒಣಗಾಳಿ ಬೆರೆತ ಆ ಅನಿಲ, ತಂಪಾದ ಕೊಳವೆಗಳ ಒಳಗೋಡೆಯಲ್ಲಿ ತೆಳು ಪದರವಾಗಿ ಇಳಿಯುವ, ಮಾರ್ಜಕವಾಗಬೇಕಾದ ದ್ರವವನ್ನು ತಾಗುತ್ತದೆ. ತಂಪು ತಪ್ಪಿದರೆ ಸರಕು ಕಪ್ಪಾಗುತ್ತದೆ. ದೂಳು, ಆರ್ಸೆನಿಕ್ ಇದಕ್ಕೆ ಆಗದು. ಹಾಗಾಗಿ ಸಲಕರಣೆಯೇ ಮತ್ತೆ ಶುದ್ಧ ಗಂಧಕವನ್ನು ಕೇಳಿತು. ಅದು ಈಗ ಬಹುಪಾಲು ಬರುವುದು ತೈಲ ಮತ್ತು ಅನಿಲ ಶುದ್ಧೀಕರಣದಿಂದ.