ವಿಳಾಸಕ್ಕೂ ಬಾಡಿಗೆ

ಚನ್ನಪಟ್ಟಣದ ಗೊಂಬೆಗಳನ್ನು ಆನ್‌ಲೈನ್‌ನಲ್ಲಿ ಮಾರುವ ಸಣ್ಣ ಕಂಪನಿಯೊಂದು ಮುಂಬೈ ಗಿರಾಕಿಗಳಿಗೆ ಬೇಗ ತಲುಪಲಿ ಎಂದು ಮಹಾರಾಷ್ಟ್ರದ ಭಿವಂಡಿಯ ಗೋದಾಮಿನಲ್ಲಿ ಮಾಲು ಇಟ್ಟಿತು ಎನ್ನಿ. 2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿ ಪ್ರಕಾರ, ಮಾಲು ಯಾವ ರಾಜ್ಯದಿಂದ ಹೊರಡುತ್ತದೋ ಅಲ್ಲಿ ನೋಂದಣಿ ಆಗಬೇಕು. ನೋಂದಣಿಗೆ ಅಲ್ಲಿನದೇ ವಿಳಾಸ ಬೇಕು. ಅಡ್ವಾನ್ಸ್ ಕೊಟ್ಟು ಕೋಣೆ ಹಿಡಿದು, ಒಬ್ಬರನ್ನು ಕೂರಿಸುವ ತಾಕತ್ತು ಇಂಥವರಿಗೆ ಎಲ್ಲಿಂದ ಬರಬೇಕು? ನಮ್ಮಲ್ಲಿ ವರ್ಚುವಲ್ ಆಫೀಸ್ ವ್ಯವಹಾರ ಬೆಳೆದದ್ದಕ್ಕೆ ಈ ಇಕ್ಕಟ್ಟೂ ಕಾರಣ. ಹಣ ಕಟ್ಟಿದರೆ ವಿಳಾಸ, ಕರಾರು ಪತ್ರ, ಕಟ್ಟಡದ ಕರೆಂಟ್ ಬಿಲ್, ಮಾಲೀಕರ ಒಪ್ಪಿಗೆ ಪತ್ರ ಸಿಗುತ್ತವೆ. ಬಂದ ಟಪಾಲನ್ನು ಅಲ್ಲಿನವರೇ ತೆಗೆದುಕೊಂಡು ಸ್ಕ್ಯಾನ್ ಮಾಡಿ ಕಳಿಸುತ್ತಾರೆ.

ಇನ್ನೊಬ್ಬರ ವಿಳಾಸ ಬಳಸುವುದು ಹೊಸದೇನಲ್ಲ. ಪರಿಚಯದವರ ಅಂಗಡಿಯ ಕೇರಾಫ್‌ನಲ್ಲಿ ಕಾಗದ ತರಿಸಿಕೊಂಡವರು, ಅಂಚೆ ಕಚೇರಿಯಲ್ಲಿ ಪೋಸ್ಟ್ ಬಾಕ್ಸ್ ಹಿಡಿದವರು ನಮ್ಮೂರುಗಳಲ್ಲೂ ಇದ್ದರು. 1980ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಮೇಲ್ ಬಾಕ್ಸಸ್ ಎಟ್ಸೆಟ್ರಾ ಅಂಗಡಿಗಳು ಬರೀ ಬಾಕ್ಸ್ ನಂಬರಿನ ಬದಲು ರಸ್ತೆಯ ಹೆಸರಿರುವ ವಿಳಾಸವನ್ನೇ ಕೊಟ್ಟವು. 1989ರಲ್ಲಿ ಮಾರ್ಕ್ ಡಿಕ್ಸನ್ ಬ್ರಸೆಲ್ಸ್‌ನಲ್ಲಿ ರೀಗಸ್ ಶುರುಮಾಡಿ ಸಜ್ಜಾದ ಕಚೇರಿಗಳನ್ನು ಬಾಡಿಗೆಗೆ ಬಿಟ್ಟರು. ಮೇಜು ಕುರ್ಚಿ ಬೇಡ, ರಿಸೆಪ್ಷನ್ನಿನಲ್ಲಿ ಟಪಾಲು ತೆಗೆದುಕೊಂಡರೆ ಸಾಕು ಎನ್ನುವವರೂ ಮುಂದೆ ಈ ಉದ್ಯಮದ ಗಿರಾಕಿಗಳಾದರು.

ನಮ್ಮ ಕಾನೂನು ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ಬಂದ ಪತ್ರ, ನೋಟಿಸುಗಳನ್ನು ಸ್ವೀಕರಿಸಿ ಸ್ವೀಕೃತಿ ಕೊಡುವಂತಿರಬೇಕು ನೋಂದಾಯಿತ ಕಚೇರಿ ಎನ್ನುತ್ತದೆ 2013ರ ಕಂಪನಿ ಕಾಯ್ದೆಯ 12ನೇ ಸೆಕ್ಷನ್. ಹೊರಗೆ ಕಂಪನಿಯ ಹೆಸರಿನ ಬೋರ್ಡು ಆ ಸೀಮೆಯ ಲಿಪಿಯಲ್ಲೂ ಇರಬೇಕು, ಬೆಂಗಳೂರಾದರೆ ಕನ್ನಡದಲ್ಲಿ. ಈ ಮಾತು ಹಾಳೆಯ ಮೇಲಷ್ಟೇ ಉಳಿದಿದ್ದ ಕಾಲದಲ್ಲಿ ಹೆಸರಿಗಷ್ಟೇ ಇರುವ ಕಂಪನಿಗಳು ಬೆಳೆದವು. 2017-18ರಲ್ಲಿ ಸರ್ಕಾರ 2 ಲಕ್ಷಕ್ಕೂ ಹೆಚ್ಚು ಕಂಪನಿಗಳನ್ನು ಪಟ್ಟಿಯಿಂದ ಕಿತ್ತುಹಾಕಿತು. 2019ರಲ್ಲಿ ಹಳೆಯ ಕಂಪನಿಗಳಿಂದ ಕಟ್ಟಡದ ಹೊರಗಿನ ಫೋಟೊ, ಒಳಗೆ ನಿರ್ದೇಶಕರು ಇರುವ ಫೋಟೊ ಕೇಳಿತು. 2022ರ ಆಗಸ್ಟ್‌ನಿಂದ, ಅನುಮಾನ ಬಂದರೆ ಕಂಪನಿಗಳ ರಿಜಿಸ್ಟ್ರಾರ್ ಸ್ಥಳೀಯ ಇಬ್ಬರು ಸಾಕ್ಷಿಗಳ ಎದುರು ಕಚೇರಿಯನ್ನು ಕಣ್ಣಾರೆ ನೋಡಬಹುದು.

ಈ ಬಿಗಿ ಬೇಕಿತ್ತು. ಆದರೆ ಬಾಡಿಗೆ ವಿಳಾಸ ಹಿಡಿದವರನ್ನೆಲ್ಲ ಕಳ್ಳರಂತೆ ಕಾಣುವುದು ಅನ್ಯಾಯ. ವಾಸದ ಮನೆಯನ್ನೇ ನೋಂದಾಯಿತ ಕಚೇರಿ ಮಾಡಿಕೊಳ್ಳಲು ಕಾನೂನಿನಲ್ಲಿ ಅಡ್ಡಿಯಿಲ್ಲ ನಿಜ; ಆದರೆ ಆ ವಿಳಾಸ ಕಂಪನಿ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಇರುತ್ತದೆ. ಒಬ್ಬಳೇ ಮನೆಯಿಂದ ಕಂಪನಿ ನಡೆಸುವ ಹೆಣ್ಣುಮಗಳಿಗೆ ಬಾಗಿಲ ನಂಬರು ಊರಿಗೆಲ್ಲ ತಿಳಿಯುವುದು ಸಣ್ಣ ಆತಂಕವಲ್ಲ. ಅವಳು ವಿಳಾಸಕ್ಕೆ ಕೊಡುವ ಬಾಡಿಗೆಯನ್ನು ನಾನು ಶೋಕಿ ಎನ್ನಲಾರೆ.

ಕರಾರಿಗೆ ಸಹಿ ಹಾಕುವ ಮೊದಲು ಆ ಜಾಗಕ್ಕೆ ಒಮ್ಮೆ ಖುದ್ದಾಗಿ ಹೋಗಿ ಬನ್ನಿ. ಸ್ಪೀಡ್ ಪೋಸ್ಟ್‌ಗೆ ಯಾರು ಸಹಿ ಹಾಕುತ್ತಾರೆ, ಅಧಿಕಾರಿ ಬಂದ ದಿನ ಎದುರು ನಿಂತು ಉತ್ತರ ಕೊಡುವವರು ಯಾರು, ನಿಮ್ಮ ಬೋರ್ಡು ತೂಗುಹಾಕಲು ಬಿಡುತ್ತಾರೆಯೇ ಎಂದು ಕೇಳಿ, ಒಪ್ಪಿದ್ದನ್ನೆಲ್ಲ ಕರಾರಿನಲ್ಲೇ ಬರೆಸಿಕೊಳ್ಳಿ.